ಬಂದ ದಿನದಿಂದ

ಶುಕ್ರವಾರ ಸಂಜೆ ಅಬುಧಾಬಿ ಕಡೆಯ ಮದೀನತ್ ಜಾಯೆದ್‌ನಿಂದ ಎರಡು ಬಸ್ಸು ಬದಲಿಸಿ ಮನೆ ಮುಟ್ಟಿದ ಧರ್ಮಪಾಲ ಬಾಗಿಲಲ್ಲಿ ಶೂ ಬಿಚ್ಚುತ್ತಲೇ ಹೇಳಿಬಿಟ್ಟ.

"ಮೂವತ್ತನೇ ತಾರೀಕಿಗೆ ಖಲಾಸ್. ನಮ್ಮ ಸ್ಟೋರ್ ಪೂರ್ತಿ ಮುಚ್ತಾರಂತೆ. ಕಾಗದ ಕೊಟ್ಟಿದ್ದಾರೆ."

ಹೆಂಡತಿ ಜಲಜಾಕ್ಷಿ ಸೋಫಾದಲ್ಲಿ ಒರಗಿದ್ದಳು. ಮಧ್ಯಾಹ್ನವಷ್ಟೇ ಡಯಾಲಿಸಿಸ್ ಮುಗಿಸಿ ಬಂದಿದ್ದಳು. ಎಡಗೈಯ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ.

"ಇನ್ಶೂರೆನ್ಸ್ ಕಾರ್ಡ್?" ಎಂದಳು. ಬೇರೆ ಏನನ್ನೂ ಕೇಳಲಿಲ್ಲ.

"ಅದೂ ಮೂವತ್ತಕ್ಕೇ."

ಅಂದು ತಾರೀಕು ಮೂರು.

ದುಬೈ ಸಿಲಿಕಾನ್ ಓಯಸಿಸ್‌ನ ಆ ಒಂದು ಬೆಡ್‌ರೂಮಿನ ಫ್ಲಾಟಿನಲ್ಲಿ ಇರುವವರು ನಾಲ್ಕು ಜನ. ಧರ್ಮಪಾಲ ವಾರಕ್ಕೆ ಎರಡು ದಿನ ಮಾತ್ರ. ಉಳಿದ ದಿನ ಮದೀನತ್ ಜಾಯೆದ್‌ನ ಕಂಪನಿ ಕ್ಯಾಂಪಿನಲ್ಲಿ. ಮಗ ಸುಜಿತ್‌ಗೆ ಇಪ್ಪತ್ತೇಳು, ಅಲ್ಲೇ ಒಂದು ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿ ಕೆಲಸ. ಮಗಳು ಅಶ್ಮಿತಾ ಹನ್ನೆರಡನೇ ಕ್ಲಾಸು. ಜಲಜಾಕ್ಷಿಯ ಎರಡೂ ಕಿಡ್ನಿ ಹೋಗಿ ಎರಡು ವರ್ಷ. ಸೋಮವಾರ, ಬುಧವಾರ, ಶುಕ್ರವಾರ ತಲಾ ನಾಲ್ಕು ಗಂಟೆ ಮೆಷಿನ್. ಎಲ್ಲವೂ ಕಂಪನಿಯ ಕಾರ್ಡಿನ ಮೇಲೆ ನಡೆಯುತ್ತಿತ್ತು. ಕಂಪನಿ ಹೋದರೆ ಕಾರ್ಡು ಹೋಯಿತು, ವೀಸಾ ಹೋಯಿತು. ಸುಜಿತ್‌ನ ಸಂಬಳಕ್ಕೆ ತಾಯಿಯ ವೀಸಾ ಸಿಗುವುದಿಲ್ಲ. ಆ ಸಂಬಳವೂ ಬಾಡಿಗೆಗೆ, ಮತ್ತು ಕಳೆದ ವರ್ಷ ತಾಯಿಯನ್ನು ಐಸಿಯುಗೆ ಹಾಕಿದಾಗ ಕಾರ್ಡಿನ ಮಿತಿ ಮೀರಿದ ಬಿಲ್ಲಿಗೆ ಎತ್ತಿದ ಬ್ಯಾಂಕ್ ಸಾಲದ ಕಂತಿಗೆ ಸರಿಹೋಗುತ್ತಿತ್ತು.

ಅಶ್ಮಿತಾ ಊಟಕ್ಕೆ ಬಡಿಸಿದಳು. ಪೊಟ್ಯಾಸಿಯಂ ಇಳಿಯಲೆಂದು ತರಕಾರಿಯನ್ನು ಎರಡು ಸಲ ಬೇಯಿಸಿ ನೀರು ಚೆಲ್ಲಿ ಮಾಡಿದ ಪಲ್ಯ, ತಾಯಿಗೆ ಅರ್ಧ ಬಂಗುಡೆ. ಉಳಿದವರಿಗೂ ಅದೇ ಪಲ್ಯ. ಬೇರೆ ಬೇರೆ ಅಡುಗೆ ಮಾಡಲು ಅವಳಿಗೆ ಹೊತ್ತಿಲ್ಲ.

"ಊರಿಗೆ ಹೋಗುವುದೇ," ಎಂದ ಧರ್ಮಪಾಲ. "ಅಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ ಉಂಟು."

"ನಾನು ಆಗ್ಲೇ ಫೋನ್ ಮಾಡಿದೆ," ಎಂದ ಸುಜಿತ್. "ತಾಲ್ಲೂಕು ಆಸ್ಪತ್ರೆಯಲ್ಲಿ ಮೆಷಿನ್ ನಾಲ್ಕು. ಪಟ್ಟಿಯಲ್ಲಿ ಮೂವತ್ತೆಂಟು ಜನ ಕಾಯ್ತಿದ್ದಾರೆ. ಪ್ರೈವೇಟ್‌ನಲ್ಲಿ ಮಾಡಿಸಿದ್ರೆ ನಮ್ಮ ಹತ್ರ ಇರುವುದು ಮೂರು ತಿಂಗಳಿಗೆ. ನಿಮ್ಮ ಗ್ರಾಚ್ಯುಟಿ ಸೇರಿಸಿಯೇ ಹೇಳಿದ್ದು."

"ಸರ್ಕಾರದ ಆರೋಗ್ಯ ಕಾರ್ಡ್ ಮಾಡಿಸಿದ್ರೆ ಪ್ರೈವೇಟ್‌ನಲ್ಲೂ ಫ್ರೀ ಅಲ್ವಾ?"

"ಅದಕ್ಕೆ ರೇಷನ್ ಕಾರ್ಡ್ ಬೇಕು. ನಮ್ಮ ಹೆಸರು ತೆಗೆದು ನಾಲ್ಕು ವರ್ಷ ಆಯ್ತು. ಹೆಬ್ಬೆಟ್ಟು ಕೊಡ್ಲಿಕ್ಕೆ ಬನ್ನಿ ಅಂತ ಚಿಕ್ಕಪ್ಪ ಎಷ್ಟು ಸಲ ಫೋನ್ ಮಾಡಿದ್ರು? ನೀವು ಹೋದ್ರಾ?"

"ರಜೆ ಯಾರು ಕೊಟ್ರು ಮಾರಾಯ ನನಗೆ?"

"ಊಟ ಮಾಡಿ," ಎಂದಳು ಜಲಜಾಕ್ಷಿ. "ನನ್ನ ಎದುರು ಕೂತು ನನ್ನ ಲೆಕ್ಕ ಹಾಕ್ಬೇಡಿ."

ಮರುದಿನ ಬೆಳಿಗ್ಗೆ ಬಳಗದ ವಾಟ್ಸಾಪ್ ಗುಂಪಿಗೆ ಒಂದು ಪಿಡಿಎಫ್ ಬಂತು. ಬಳಗ ಎಂದರೆ ದುಬೈಯ ಕರಾವಳಿ ಕನ್ನಡಿಗರ ಸಂಘ, ಆರುನೂರು ಸದಸ್ಯರು. ಗಲ್ಫಿನಿಂದ ಮರಳುವವರಿಗಾಗಿ ಊರಿನ ಸರ್ಕಾರ ಒಂದು ನೀತಿ ಮಾಡುತ್ತಿತ್ತು, ಅದರ ಕರಡು. ಸಾಮಾನ್ಯ ಜನರೇ ಈ ನೀತಿಯನ್ನು ತಿದ್ದಬೇಕು, ಅದಕ್ಕಾಗಿ ಬೆಂಗಳೂರಿನಿಂದ ತಂಡ ಬರುತ್ತದೆ, ಹತ್ತೊಂಬತ್ತನೇ ತಾರೀಕು ಭಾನುವಾರ ದುಬೈಯಲ್ಲಿ ಸಭೆ, ತಿಂಗಳ ಕೊನೆಗೆ ಆದೇಶ ಎಂದು ಮೇಲೆ ಬರೆದಿತ್ತು. ಗುಂಪಿನವರು ಕೈಮುಗಿಯುವ ಚಿತ್ರ ಒತ್ತಿ ಸುಮ್ಮನಾದರು. ಅರವತ್ತು ಪುಟ ಓದುವವರು ಯಾರು?

ಜಲಜಾಕ್ಷಿ ಓದಿದಳು. ಸೋಫಾದಲ್ಲಿ ಮಲಗಿ, ಮಗಳ ಟ್ಯಾಬ್‌ನಲ್ಲಿ, ಅಕ್ಷರ ದೊಡ್ಡದು ಮಾಡಿ, ಮಧ್ಯಾಹ್ನದವರೆಗೆ ಓದಿದಳು. ಆಮೇಲೆ ಗಂಡನನ್ನು ಕರೆದಳು.

"ಇಲ್ಲಿ ನೋಡಿ. ಮರಳಿ ಬಂದ ಕುಟುಂಬಕ್ಕೆ ರೇಷನ್ ಕಾರ್ಡ್ ಇಲ್ಲದಿದ್ರೂ ಆರೋಗ್ಯ ಕಾರ್ಡ್ ಕೊಡ್ತಾರಂತೆ."

"ದೇವರು ಇದ್ದಾನೆ ಮಾರಾಯ್ತಿ!"

"ಪೂರ್ತಿ ಓದಿ. ನೋಂದಣಿಯಾದ ಆರು ತಿಂಗಳ ನಂತರ."

ಧರ್ಮಪಾಲ ಕನ್ನಡಕ ಹುಡುಕಿ ತಂದು ಎರಡು ಸಲ ಓದಿದ.

"ಕೈಯಲ್ಲಿ ಇರುವುದು ಮೂರು ತಿಂಗಳು," ಎಂದಳು ಜಲಜಾಕ್ಷಿ. "ಮೂರಕ್ಕೂ ಆರಕ್ಕೂ ನಡುವೆ ನಾನು ಎಂತ ಮಾಡುವುದು? ಜನ ತಿದ್ದಿ ಅಂತ ಅವರೇ ಬರೆದಿದ್ದಾರಲ್ಲ. ಆರು ತಿಂಗಳು ಅನ್ನುವುದನ್ನು ಹೊಡೆದು ಹಾಕ್ಲಿ. ಬಂದ ದಿನದಿಂದ ಅಂತ ಮಾಡ್ಲಿ. ಎರಡು ಶಬ್ದದ ಕೆಲಸ."

ಅಶ್ಮಿತಾ ಕೂಡಲೇ ಸರ್ಕಾರದ ಪೋರ್ಟಲ್ ತೆರೆದಳು. ಹೆಸರು, ವಿಳಾಸ, ಆಧಾರ್ ಎಲ್ಲ ತುಂಬಿಸಿದ ಮೇಲೆ ಅದು ಓಟಿಪಿ ಕೇಳಿತು. ಓಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಊರಿನ ಮೊಬೈಲ್ ನಂಬರಿಗೆ. ಆ ಸಿಮ್ ರೀಚಾರ್ಜ್ ಇಲ್ಲದೆ ಸತ್ತು ಮೂರು ವರ್ಷ.

"ಗಲ್ಫಿನವರ ಅಭಿಪ್ರಾಯ ಕೇಳ್ತಾರೆ, ಊರಿನ ಸಿಮ್ ಬೇಕಂತೆ. ಹೂ ಡಸ್ ದಟ್?" ಎಂದು ಅಶ್ಮಿತಾ ಟ್ಯಾಬ್ ಬಿಸಾಕಿದಳು. ಇಮೇಲ್ ಕಳಿಸಿದರೆ ಅರ್ಧ ನಿಮಿಷದಲ್ಲಿ ತಾನಾಗಿಯೇ ಉತ್ತರ ಬಂತು: ವಿದೇಶದಲ್ಲಿರುವವರು ತಮ್ಮ ಸಲಹೆಯನ್ನು ಸಭೆಯಲ್ಲಿ ಮಂಡಿಸತಕ್ಕದ್ದು.

ಧರ್ಮಪಾಲ ಬಳಗದ ಕಾರ್ಯದರ್ಶಿ ರಿತೇಶ್‌ಗೆ ಫೋನ್ ಮಾಡಿದ.

"ಧರ್ಮಣ್ಣ, ಹತ್ತೇ ಜನಕ್ಕೆ ಅವಕಾಶ. ತಲಾ ಮೂರು ನಿಮಿಷ," ಎಂದ ರಿತೇಶ್. "ನಿಮಗೆ ಇಲ್ಲ ಅಂತ ಹೇಳ್ಲಿಕ್ಕಾಗ್ತದಾ? ಮೊದಲ ಹೆಸರು ನಿಮ್ಮದೇ. ನಿಮ್ಮ ಹಾಗೆ ಸ್ಟೇಜ್ ಗೊತ್ತಿದ್ದವರು ಯಾರುಂಟು?"

ಅದು ನಿಜ. ಹದಿನೈದು ವರ್ಷದಿಂದ ಬಳಗದ ಯಾವ ಕಾರ್ಯಕ್ರಮವಿದ್ದರೂ ಮೈಕಿನ ಮುಂದೆ ಮೊದಲು ನಿಲ್ಲುವವನು ಧರ್ಮಪಾಲ. ಯಾರ ಹೆಸರಿನ ಹಿಂದೆ ಶ್ರೀಯುತ, ಯಾರ ಹಿಂದೆ ಸನ್ಮಾನ್ಯ, ಯಾರು ಕೊಡುಗೈ ದಾನಿ, ಯಾರು ಬರೀ ಉದ್ಯಮಿ ಎಂಬುದೆಲ್ಲ ಅವನಿಗೆ ಬಾಯಿಪಾಠ. ಫೋನ್ ಇಟ್ಟವನ ಮುಖ ಅರಳಿತ್ತು.

"ಮೊದಲ ಹೆಸರೇ ನನ್ನದು," ಎಂದ.

"ಹೆಸರು ನಿಮ್ಮದಿರ್ಲಿ. ವಿಷಯ ನನ್ನದು," ಎಂದಳು ಜಲಜಾಕ್ಷಿ.

ಮುಂದಿನ ಶನಿವಾರ ನಾಲ್ವರೂ ಕೂತು ಬರೆದರು. ಅಶ್ಮಿತಾ ಟೈಪ್ ಮಾಡುತ್ತಿದ್ದಳು. ಮೊದಲ ಸಾಲಿಗೇ ಜಗಳ ಹತ್ತಿತು.

"ಜಲಜಾಕ್ಷಿ ಎಂಬ ನಾನು, ಅಂತ ಶುರು ಮಾಡ್ಲಾ?" ಎಂದಳು ಅಶ್ಮಿತಾ. "ಪೇಶೆಂಟ್ ಅಮ್ಮ. ಅಮ್ಮನ ಹೆಸರಲ್ಲೇ ಇರ್ಲಿ. ಅಮ್ಮನೇ ಮಾತಾಡ್ಲಿ."

"ನಾನು ಸತ್ತಿದ್ದೇನಾ?" ಎಂದ ಧರ್ಮಪಾಲ. "ಯಜಮಾನ ಇರುವಾಗ ಅವಳ ಹೆಸರು ಯಾಕೆ? ಮತ್ತೆ, ಕಿಡ್ನಿ ವಿಷಯ ಆರುನೂರು ಜನರಿಗೆ ಸಾರಿ ಬರ್ಬೇಕಾ? ಮಿರ್ದಿಫ್‌ನವರು ಮುಂದಿನ ಸಾಲಲ್ಲೇ ಕೂತಿರ್ತಾರೆ."

ಮಿರ್ದಿಫ್‌ನವರು ಎಂದರೆ ಅಲ್ಲಿ ವಿಲ್ಲಾ ಇರುವ ಬಳಗದ ಒಬ್ಬ ದೊಡ್ಡ ಕುಳ. ಅವರ ಮಗಳನ್ನು ಸುಜಿತ್‌ಗೆ ಕೇಳುವ ಮಾತು ಆರು ತಿಂಗಳಿಂದ ನಡೆದಿತ್ತು. ಅವರಿಗೆ ಧರ್ಮಪಾಲ ಹೇಳಿದ್ದು, ಹೆಂಡತಿಗೆ ಸ್ವಲ್ಪ ಬಿಪಿ ಉಂಟು ಎಂದು ಮಾತ್ರ.

"ತಾಯಿಗೆ ಕಿಡ್ನಿ ಇಲ್ಲ ಅಂದ್ರೆ ಮಗನಿಗೂ ಬರ್ತದೆ ಅಂತಾರೆ," ಎಂದ ಧರ್ಮಪಾಲ. "ಸಂಬಂಧ ಹೋಯ್ತು ಅಂತಲೇ ಲೆಕ್ಕ."

"ಹೋಗ್ಲಿ," ಎಂದ ಸುಜಿತ್. "ನನಗೆ ಆ ಮದುವೆ ಬೇಡ."

"ನೀನು ಸುಮ್ಮನಿರು. ನಿನಗೆ ಎಂತ ಗೊತ್ತು?"

"ಗೊತ್ತುಂಟು. ಅಮ್ಮ ಸೀರೆಗೆ ಉದ್ದ ತೋಳಿನ ರವಕೆ ಯಾಕೆ ಹಾಕ್ತಾರೆ ಅಂತ ನನಗೆ ಗೊತ್ತುಂಟು."

ಜಲಜಾಕ್ಷಿ ಎಡಗೈ ಮೇಲೆತ್ತಿದಳು. ಸೂಜಿ ಚುಚ್ಚಿ ಚುಚ್ಚಿ ನರ ಹಗ್ಗದ ಹಾಗೆ ಉಬ್ಬಿತ್ತು. "ಎರಡು ವರ್ಷ. ಜೂನ್ ತಿಂಗಳ ಸೆಖೆಯಲ್ಲೂ ಮಣಿಕಟ್ಟಿನವರೆಗೆ ಮುಚ್ಚಿಕೊಂಡು ಬಳಗದ ಮದುವೆ, ಮುಂಜಿಗೆ ನಿಮ್ಮ ಜೊತೆ ಬಂದಿದ್ದೇನೆ. ನಾನೇನು ಕದ್ದು ತಂದ ಕೈಯಾ ಇದು?"

"ಮಗನ ಜೀವನದ ಪ್ರಶ್ನೆ ಜಲಜಾ."

"ನನ್ನದು ಜೀವನ ಅಲ್ವಾ?"

ಕೊನೆಗೆ ಕಾಗದ ಧರ್ಮಪಾಲನ ಹೆಸರಿನಲ್ಲೇ ಸಿದ್ಧವಾಯಿತು. ಅದರಲ್ಲಿ "ಒಬ್ಬ ರೋಗಿ" ಎಂದಿತ್ತು. ರೋಗಿ ಯಾರೆಂದು ಇರಲಿಲ್ಲ. ಆದರೆ ಬೇಕಾದ ಸಾಲು ಇತ್ತು: ಆರು ತಿಂಗಳ ನಂತರ ಎಂಬುದನ್ನು ತೆಗೆದು ಬಂದ ದಿನದಿಂದ ಎಂದು ತಿದ್ದಬೇಕು. ಸುಜಿತ್ ಮೊಬೈಲಿನಲ್ಲಿ ಸಮಯ ಹಿಡಿದು ತಂದೆಯ ಕೈಯಲ್ಲಿ ಐದು ಸಲ ಓದಿಸಿದ. ಎರಡು ನಿಮಿಷ ನಲವತ್ತು ಸೆಕೆಂಡ್.

"ಪರ್ಫೆಕ್ಟ್ ಪಪ್ಪ. ಇಷ್ಟೇ. ಒಂದು ಶಬ್ದ ಹೆಚ್ಚು ಬೇಡ."

"ನನಗೆ ಹೇಳಿಕೊಡ್ತೀಯಾ ನೀನು!" ಎಂದು ಧರ್ಮಪಾಲ ನಕ್ಕ. ಆ ವಾರ ಆ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೊಂದೇ ಸಲ.

ಹತ್ತೊಂಬತ್ತನೇ ತಾರೀಕು ಸಭೆಗೆ ಹೋದದ್ದು ಶುಕೂರ್‌ನ ಕಾರಿನಲ್ಲಿ. ಶುಕೂರ್ ಕೆಳಗಿನ ಮಹಡಿಯವನು, ಬ್ಯಾರಿ, ದೇರಾದಲ್ಲಿ ಬಟ್ಟೆ ಅಂಗಡಿ. ಅವನೂ ಹತ್ತು ಜನರಲ್ಲಿ ಒಬ್ಬ. ಶಾಲಾ ರಜೆಯಲ್ಲಿ ವಿಮಾನದ ಟಿಕೆಟ್ ದರ ಏರುವುದರ ಬಗ್ಗೆ ಅವನಿಗೆ ಸರ್ಕಾರದ ಮೇಲೆ ಹತ್ತು ವರ್ಷದ ಸಿಟ್ಟು. ಜಲಜಾಕ್ಷಿ ಹಿಂದಿನ ಸೀಟಿನಲ್ಲಿ ಮಗಳ ಹೆಗಲಿಗೆ ತಲೆ ಇಟ್ಟಿದ್ದಳು. ಶುಕ್ರವಾರದಿಂದ ಸೋಮವಾರದವರೆಗಿನ ಅಂತರ ಉದ್ದ. ಭಾನುವಾರ ಬಂತೆಂದರೆ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಉದ್ದ ತೋಳಿನ ರವಕೆ ಹಾಕಿಕೊಂಡಿದ್ದಳು.

"ಅಕ್ಕಾ, ಇವತ್ತು ನಿಮ್ಮ ಯಜಮಾನರು ಸರ್ಕಾರವನ್ನೇ ಅಲ್ಲಾಡಿಸ್ತಾರೆ ನೋಡಿ," ಎಂದ ಶುಕೂರ್.

"ಅಲ್ಲಾಡಿಸುವುದು ಬೇಡ ಶುಕೂರ್. ಓದಿದ್ರೆ ಸಾಕು," ಎಂದಳು ಅವಳು.

ಹೋಟೆಲಿನ ಸಭಾಂಗಣದಲ್ಲಿ ಮುನ್ನೂರು ಕುರ್ಚಿ. ವೇದಿಕೆಯ ಮೇಲೆ ಬೆಂಗಳೂರಿನ ತಂಡದವರು ಮೂರೇ ಜನ. ಬಳಗದ ಗಣ್ಯರು ಎಂಟು ಜನ. ಜನರ ಮಾತು ಕೇಳಲು ಬಂದ ಮೂವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆಯುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ತಂಡದ ಮುಖ್ಯಸ್ಥೆ, ಐವತ್ತರ ಹೆಂಗಸು, ಪೇಟ ಕಳಚಿ ಮೇಜಿನ ಮೇಲಿಟ್ಟು ಹೇಳಿದಳು: "ಮೂರು ನಿಮಿಷಕ್ಕೆ ಗಂಟೆ ಹೊಡೆಯುತ್ತೇವೆ. ದಯವಿಟ್ಟು ನೇರವಾಗಿ ವಿಷಯಕ್ಕೆ ಬನ್ನಿ. ನೀವು ಹೇಳಿದ್ದೆಲ್ಲ ದಾಖಲಾಗುತ್ತದೆ."

ಧರ್ಮಪಾಲ ಎದ್ದು ಮೈಕಿನ ಕಡೆ ಹೊರಟ. ಮೆಟ್ಟಿಲ ಹತ್ತಿರ ರಿತೇಶ್ ಓಡಿಬಂದು ಒಂದು ಚೀಟಿ ಕೈಗಿಟ್ಟ.

"ಧರ್ಮಣ್ಣ, ಮೊದಲು ಮಾತಾಡುವವರು ನೀವಲ್ವಾ. ವೇದಿಕೆಯ ಹನ್ನೊಂದು ಹೆಸರೂ ಹೇಳಿಬಿಡಿ. ಒಂದೂ ಬಿಡ್ಬೇಡಿ. ಹೋದ ಸಲ ಒಬ್ಬರ ಹೆಸರು ಬಿಟ್ಟದ್ದಕ್ಕೆ ಅವರು ಈಗ್ಲೂ ನನ್ನ ಫೋನ್ ಎತ್ತುವುದಿಲ್ಲ."

ಚೀಟಿ ಕೈಗೆ ಬಂದದ್ದೇ ತಡ, ಧರ್ಮಪಾಲನ ಬೆನ್ನು ನೆಟ್ಟಗಾಯಿತು. ಗಂಟಲು ಸರಿಮಾಡಿಕೊಂಡ.

"ಈ ಶುಭ ಸಂದರ್ಭದಲ್ಲಿ ವೇದಿಕೆಯನ್ನು ಅಲಂಕರಿಸಿರುವ, ನಾಡಿನ ಹಿರಿಯ ಅಧಿಕಾರಿಗಳೂ, ಜನಪರ ಕಾಳಜಿಯ ಮೂರ್ತಿಯೂ ಆದ ಸನ್ಮಾನ್ಯ..."

ಮೂರನೇ ಸಾಲಿನಲ್ಲಿದ್ದ ಸುಜಿತ್ ಮೊಬೈಲ್ ಮೇಲೆತ್ತಿ ತೋರಿಸಿದ. ಒಂದು ನಿಮಿಷ ಹತ್ತು ಸೆಕೆಂಡ್; ನಾಲ್ಕನೇ ಹೆಸರು. ಧರ್ಮಪಾಲ ನೋಡಲಿಲ್ಲ. ಐದನೆಯವರು ಕೊಡುಗೈ ದಾನಿ, ಆರನೆಯವರು ಯುವ ಉದ್ಯಮಿ, ಏಳನೆಯವರು ಕಲಾಪೋಷಕರು. ಪ್ರತಿ ಹೆಸರಿಗೂ ಚಪ್ಪಾಳೆ. ಚಪ್ಪಾಳೆ ಮುಗಿಯುವವರೆಗೆ ಅವನು ಕಾಯುತ್ತಿದ್ದ.

"ಪಪ್ಪ, ಸ್ಟಾಪ್ ಇಟ್," ಎಂದು ಅಶ್ಮಿತಾ ಹಲ್ಲು ಕಚ್ಚಿ ಹೇಳಿದಳು. ಜಲಜಾಕ್ಷಿ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದು ಕೂತಿದ್ದಳು.

ಹನ್ನೊಂದನೇ ಹೆಸರು ಮುಗಿಯುವಾಗ ಎರಡು ನಿಮಿಷ ಮೂವತ್ತೈದು ಸೆಕೆಂಡ್. ಧರ್ಮಪಾಲ ಕಾಗದ ಬಿಡಿಸಿದ.

"ಈ ಕರಡಿನ ಹತ್ತೊಂಬತ್ತನೇ ಪುಟದಲ್ಲಿ ಒಂದು ಸಣ್ಣ ವಿಷಯ. ನಮ್ಮ ಮನೆಯಲ್ಲಿ..." ಮುಂದಿನ ಸಾಲಿನಲ್ಲಿ ಮಿರ್ದಿಫ್‌ನ ಹಿರಿಯರು ಕತ್ತು ಎತ್ತಿ ನೋಡಿದರು. ಧರ್ಮಪಾಲ ಮಾತು ಬದಲಿಸಿದ. "ಅಂದರೆ, ನಮ್ಮ ಪರಿಚಯದ ಒಂದು ಮನೆಯಲ್ಲಿ... ಅವರಿಗೆ..."

ಗಂಟೆ ಹೊಡೆಯಿತು.

ಹದಿನೈದು ವರ್ಷದ ಅಭ್ಯಾಸ. ಗಂಟೆ ಕೇಳಿದ ಕೂಡಲೇ ಬಾಯಿ ತಾನಾಗಿ ಮುಗಿಸಿತು: "ಇಂಥ ಉತ್ತಮ ನೀತಿ ಬೇಗನೆ ಜಾರಿಯಾಗಲಿ ಎಂದು ಹಾರೈಸುತ್ತಾ, ಅವಕಾಶ ಕೊಟ್ಟ ಎಲ್ಲರಿಗೂ ವಂದಿಸಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ."

ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ ಬಿದ್ದದ್ದು ಆಗ.

ಎರಡನೆಯವನು ಶುಕೂರ್. ಮೈಕ್ ಹಿಡಿದು, "ನಮಸ್ಕಾರ, ಅಸ್ಸಲಾಮು ಅಲೈಕುಂ. ವಿಷಯ ಒಂದೇ," ಎಂದು ಟಿಕೆಟ್ ದರ ಹೇಳಿ, ಏನು ಮಾಡಬೇಕೆಂದು ಹೇಳಿ, ಎರಡು ನಿಮಿಷಕ್ಕೆ ಇಳಿದುಬಂದ. ಯಾರ ಹೆಸರನ್ನೂ ಹೇಳಲಿಲ್ಲ. ಚಪ್ಪಾಳೆಯೂ ಬೀಳಲಿಲ್ಲ. ವೇದಿಕೆಯಲ್ಲಿದ್ದ ಮುಖ್ಯಸ್ಥೆ ಬರೆದುಕೊಂಡಳು.

ಸಭೆ ಮುಗಿದ ಮೇಲೆ ಅಶ್ಮಿತಾ ತಂದೆಯ ಕೈಯಿಂದ ಕಾಗದ ಕಿತ್ತುಕೊಂಡು ವೇದಿಕೆಗೆ ಓಡಿದಳು. "ಮ್ಯಾಡಂ, ಇದು ನಮ್ಮ ಸಲಹೆ. ಪಪ್ಪ ಹೇಳ್ಲಿಕ್ಕೆ ಮರೆತ್ರು."

"ಕೊಡಮ್ಮ. ಅವರ ಹೆಸರಿಗೇ ಸೇರಿಸ್ತೇವೆ," ಎಂದು ಮುಖ್ಯಸ್ಥೆ ನಗುತ್ತ ತೆಗೆದುಕೊಂಡಳು.

ಹಿಂದಿರುಗುವಾಗ ಕಾರು ಹೊರಟು ಹತ್ತು ನಿಮಿಷ ಆಗಿತ್ತು.

"ಕಾಗದ ತಲುಪಿದೆಯಲ್ಲ," ಎಂದ ಧರ್ಮಪಾಲ. "ಬರವಣಿಗೆಗೆ ಹೆಚ್ಚು ಬೆಲೆ. ಮಾತು ಗಾಳಿಗೆ ಹೋಗ್ತದೆ."

"ಹನ್ನೊಂದು ಜನರ ಹೆಸರು ತಡವರಿಸದೆ ಬಂತು," ಎಂದಳು ಜಲಜಾಕ್ಷಿ. "ನನ್ನದೊಂದು ಬರ್ಲಿಲ್ಲ ನಿಮ್ಮ ಬಾಯಲ್ಲಿ."

"ರಿತೇಶ್ ಚೀಟಿ ಕೊಟ್ಟ..."

"ರಿತೇಶನ ಹೆಂಡತಿಗಾ ಕಿಡ್ನಿ ಹೋದದ್ದು?"

ಶುಕೂರ್ ಕನ್ನಡಿಯಲ್ಲಿ ಹಿಂದೆ ನೋಡಿದ. ಅವನಿಗೂ ಬಿಪಿ ಎಂದೇ ಹೇಳಿದ್ದರು. "ಅಕ್ಕಾ, ಎಂತ ಹೇಳ್ತಿದ್ದೀರಿ ನೀವು?" ಎಂದ. ಜಲಜಾಕ್ಷಿ ರವಕೆಯ ತೋಳನ್ನು ಮೊಣಕೈಯವರೆಗೆ ಮಡಚಿ ಕೈ ಮುಂದೆ ಚಾಚಿದಳು. ಶುಕೂರ್ ಗಾಡಿಯನ್ನು ಬದಿಗೆ ಹಾಕಿ ನಿಲ್ಲಿಸಿದ.

"ಧರ್ಮಣ್ಣ," ಎಂದ, "ನನ್ನ ಮೂರು ನಿಮಿಷದಲ್ಲಿ ಒಂದು ನಿಮಿಷ ಉಳಿದಿತ್ತು. ನನಗೆ ಗೊತ್ತಿದ್ರೆ ನಾನು ಹೇಳ್ತಿದ್ದೆ. ನನಗೆ ಯಾಕೆ ಹೇಳ್ಲಿಲ್ಲ ನೀವು?"



ಇಪ್ಪತ್ತೈದಕ್ಕೇ ಕ್ಯಾಂಪ್ ಖಾಲಿ ಮಾಡಿಸಿದರು. ಧರ್ಮಪಾಲ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತು ಮನೆಗೆ ಬಂದ. ಇಡೀ ದಿನ ಮನೆಯಲ್ಲಿ ಕೂತು ಅಭ್ಯಾಸವಿಲ್ಲದವನು ಎಲ್ಲದಕ್ಕೂ ಕೈ ಹಾಕಿದ. ಬಟಾಟೆಯನ್ನು ನೆನೆಹಾಕದೆ ಸಾಂಬಾರಿಗೆ ಹಾಕಿ ಮಗಳ ಹತ್ತಿರ ಬೈಸಿಕೊಂಡ. ಹೆಂಡತಿಗೆ ಪ್ರೀತಿಯಿಂದ ಒಂದು ದೊಡ್ಡ ಲೋಟ ಕುಚ್ಚಲಕ್ಕಿ ಗಂಜಿ ತಂದುಕೊಟ್ಟ.

"ಇದರಲ್ಲಿ ನನ್ನ ಇಡೀ ದಿನದ ನೀರು ಉಂಟು," ಎಂದು ಅವಳು ಹಿಂದೆ ಕೊಟ್ಟಳು. "ಎರಡು ವರ್ಷ ಆಯ್ತು, ನಿಮಗೆ ಇನ್ನೂ ಗೊತ್ತಿಲ್ಲ."

ಊರಿಗೆ ಮೂವತ್ತೊಂದನೇ ತಾರೀಕು ಶುಕ್ರವಾರದ ಟಿಕೆಟ್ ಆಗಿತ್ತು, ಗಂಡ ಹೆಂಡತಿಗೆ ಮಾತ್ರ. ಮಕ್ಕಳಿಬ್ಬರೂ ಇಲ್ಲೇ, ಅಶ್ಮಿತಾ ಶಾಲೆಯ ಮೂಲಕ ವೀಸಾ ಮುಂದುವರಿಸಿ ಪರೀಕ್ಷೆ ಮುಗಿಸಬೇಕು, ಸುಜಿತ್‌ನ ಕಂತು ಮುಗಿಯಬೇಕು.

ಇಪ್ಪತ್ತೆಂಟನೇ ತಾರೀಕು ಮಂಗಳವಾರ ಆದೇಶ ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಸುಜಿತ್ ಆಫೀಸಿನಿಂದ ಓಡಿಬಂದ. ನಾಲ್ವರೂ ತಟ್ಟೆ ಬಿಟ್ಟು ಟ್ಯಾಬ್‌ಗೆ ತಲೆ ಕೊಟ್ಟರು. ಹತ್ತೊಂಬತ್ತನೇ ಪುಟ. ನೋಂದಣಿಯಾದ ಆರು ತಿಂಗಳ ನಂತರ. ಒಂದು ಅಕ್ಷರವೂ ಬದಲಾಗಿರಲಿಲ್ಲ.

ಕೊನೆಯಲ್ಲಿ ಒಂದು ಪಟ್ಟಿ ಇತ್ತು: ದುಬೈ ಸಭೆಯಲ್ಲಿ ಬಂದ ಅಭಿಪ್ರಾಯಗಳು. ಎರಡನೇ ಸಾಲಿನಲ್ಲಿ ಶುಕೂರ್. ವಿಮಾನ ದರದ ಬಗ್ಗೆ ಕೇಂದ್ರಕ್ಕೆ ಬರೆಯಲು ಒಪ್ಪಲಾಗಿದೆ ಎಂದಿತ್ತು. ಮೊದಲನೇ ಸಾಲನ್ನು ಜಲಜಾಕ್ಷಿ ಜೋರಾಗಿ ಓದಿದಳು.

"ಶ್ರೀ ಧರ್ಮಪಾಲ, ದುಬೈ. ಕರಡು ಉತ್ತಮವಾಗಿದ್ದು ಬೇಗನೆ ಜಾರಿಗೆ ತರಲು ಕೋರಿದ್ದಾರೆ. ಯಾವುದೇ ಬದಲಾವಣೆ ಸೂಚಿಸಿರುವುದಿಲ್ಲ."

ಸುಜಿತ್ ತಟ್ಟೆಯನ್ನು ಗೋಡೆಗೆ ಎಸೆದ. ಪಲ್ಯ ಗೋಡೆಯಿಂದ ಕೆಳಗೆ ಇಳಿಯಿತು.

"ಬಡಕೊಳ್ಳಿ ಚಪ್ಪಾಳೆ," ಎಂದು ತಂದೆಯ ಮುಖಕ್ಕೆ ಕೂಗಿದ. "ಬಡಕೊಳ್ಳಿ ಈಗ!"

ಧರ್ಮಪಾಲ ಆದೇಶದ ಕೊನೆಗಿದ್ದ ನಂಬರಿಗೆ ಫೋನ್ ಮಾಡಿದ. ಮೂರು ಕಡೆ ದಾಟಿ ಮುಖ್ಯಸ್ಥೆಯೇ ಸಿಕ್ಕಳು. ಅವಳ ದನಿಯಲ್ಲಿ ಸಿಡುಕಿರಲಿಲ್ಲ.

"ನೆನಪಿದೆ ಸಾರ್. ತುಂಬಾ ಚೆನ್ನಾಗಿ ಮಾತಾಡಿದ್ರಿ."

"ಮ್ಯಾಡಂ, ಮಗಳು ಒಂದು ಕಾಗದ ಕೊಟ್ಟಿದ್ದಳು..."

"ಬಂದಿದೆ ಸಾರ್. ಆದ್ರೆ ಒಬ್ಬರಿಗೆ ಒಂದೇ ನಮೂದು ಅಂತ ನಿಯಮ. ನಿಮ್ಮ ಹೆಸರಲ್ಲಿ ಭಾಷಣ ಆಗಲೇ ದಾಖಲಾಗಿತ್ತು. ಎರಡನೆಯದನ್ನು ತೆಗೆದುಕೊಳ್ಳೋ ಹಾಗಿಲ್ಲ. ಬೇರೆಯವರ ಹೆಸರಲ್ಲಿ ಇದ್ದಿದ್ರೆ ಖಂಡಿತ ಪರಿಗಣಿಸ್ತಿದ್ವಿ. ನಿಜ ಹೇಳಬೇಕೂಂದ್ರೆ ಅದು ಒಳ್ಳೆ ಸಲಹೆ."

ಜಲಜಾಕ್ಷಿ ಕೈ ಚಾಚಿದಳು. ಧರ್ಮಪಾಲ ಫೋನ್ ಕೊಟ್ಟ.

"ಆ ಕಾಗದದಲ್ಲಿರುವ ರೋಗಿ ನಾನು," ಎಂದಳು. "ನನ್ನ ಹೆಸರು ಜಲಜಾಕ್ಷಿ. ಸೋಮವಾರ, ಬುಧವಾರ, ಶುಕ್ರವಾರ ನನಗೆ ಮೆಷಿನ್ ಬೇಕು. ಅಷ್ಟೇ ನನಗೆ ಹೇಳ್ಲಿಕ್ಕೆ ಇದ್ದದ್ದು. ಇನ್ನು ಯಾವಾಗ ಕೇಳ್ತೀರಿ ನೀವು?"

"ಮುಂದಿನ ಪರಿಶೀಲನೆ ಒಂದು ವರ್ಷದ ನಂತರ ಅಮ್ಮ," ಎಂದಳು ಆಕೆ. "ಆಗ ನೀವೇ ಬಂದು ಹೇಳಿ."

"ಒಂದು ವರ್ಷ," ಎಂದು ಹೇಳಿ ಜಲಜಾಕ್ಷಿ ಫೋನನ್ನು ಊಟದ ಮೇಜಿನ ಮೇಲೆ ಮೆಲ್ಲನೆ ಇಟ್ಟಳು.

ಅಶ್ಮಿತಾ ಮೊಣಕಾಲೂರಿ ಗೋಡೆ ಒರೆಸುತ್ತಿದ್ದಳು. ಧರ್ಮಪಾಲ ಮೂಲೆಯಲ್ಲಿ ನಿಂತು ಬಳಗದ ಗುಂಪಿಗೆ ದನಿ ಮುದ್ರಿಸಿದ. ಯಾರ ಹೆಸರಿನ ಹಿಂದೆಯೂ ಏನೂ ಹಚ್ಚಲಿಲ್ಲ.

"ನಾನು ಧರ್ಮಪಾಲ. ನನ್ನ ಹೆಂಡತಿ ಜಲಜಾಕ್ಷಿಗೆ ಎರಡೂ ಕಿಡ್ನಿ ಇಲ್ಲ. ಎರಡು ವರ್ಷ ಆಯ್ತು. ಬಿಪಿ ಅಂತ ಸುಳ್ಳು ಹೇಳಿದ್ದು ನಾನು. ಊರಲ್ಲಿ ಆರು ತಿಂಗಳು ಕಾರ್ಡ್ ಸಿಗುವುದಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಅಲ್ಲಿ ಯಾರಾದ್ರೂ ಗೊತ್ತಿದ್ರೆ..." ಅಷ್ಟನ್ನೇ ಕಳಿಸಿದ.

ಐದು ನಿಮಿಷದಲ್ಲಿ ಐವತ್ತು ಜನ ಕೈಮುಗಿಯುವ ಚಿತ್ರ ಒತ್ತಿದರು. ಬೇಗ ಗುಣಮುಖರಾಗಲಿ ಎಂದು ಬರೆದರು. ರಿತೇಶ್ ಬರೆದ: ಧರ್ಮಣ್ಣ, ಇದನ್ನು ಸಭೆಯಲ್ಲೇ ಹೇಳಬೇಕಿತ್ತು. ಮಿರ್ದಿಫ್‌ನವರು ಓದಿದ ಗುರುತು ಬಿತ್ತು, ಉತ್ತರ ಬರಲಿಲ್ಲ. ಆಮೇಲೆ ಯಾರದೋ ಮಗುವಿನ ಹುಟ್ಟುಹಬ್ಬದ ಕೇಕಿನ ಫೋಟೋ ಬಂತು, ಎಲ್ಲರೂ ಆ ಕಡೆ ತಿರುಗಿದರು.

"ಸುಜಿತ್," ಎಂದಳು ಜಲಜಾಕ್ಷಿ. "ಸಾಕು ಮುಖ ಊದಿಸಿದ್ದು. ಇಲ್ಲಿ ಬಾ. ನಮ್ಮ ಹತ್ರ ಇರುವುದು ಮೂರು ತಿಂಗಳಿಗೆ ಅಲ್ವಾ? ಅಂದ್ರೆ ಎಷ್ಟು ಸಲ?"

"ವಾರಕ್ಕೆ ಮೂರು. ಮೂವತ್ತೊಂಬತ್ತು."

"ಆರು ತಿಂಗಳಿಗೆ ಎಷ್ಟು ವಾರ?"

"ಇಪ್ಪತ್ತಾರು. ಯಾಕೆ?"

ಅವಳು ಬೆರಳು ಮಡಚಿ ಏನೋ ಎಣಿಸಿದಳು. "ಒಂದು ವಾರ ಎರಡು ಸಲ. ಮರುವಾರ ಒಂದು ಸಲ. ಹೀಗೆ ಮಾಡಿದ್ರೆ ಮೂವತ್ತೊಂಬತ್ತು ಇಪ್ಪತ್ತಾರು ವಾರಕ್ಕೆ ಸರಿಯಾಗಿ ಬರ್ತದೆ. ನೋಡು ಬೇಕಾದ್ರೆ."

ಸುಜಿತ್ ಲೆಕ್ಕ ಹಾಕಲಿಲ್ಲ. ಸರಿಯಾಗಿ ಬರುತ್ತದೆ ಎಂದು ಅವನಿಗೆ ಗೊತ್ತಾಗಿತ್ತು.

"ಅಮ್ಮ, ಇಟ್ ಡಸನ್ಟ್ ವರ್ಕ್ ಲೈಕ್ ದಟ್," ಎಂದು ಅಶ್ಮಿತಾ ಒರೆಸುವ ಬಟ್ಟೆ ಕೆಳಗೆ ಹಾಕಿ ಎದ್ದಳು. "ಎರಡು ವಾರ ಹಾಗೆ ಮಾಡಿದ್ರೆ ನಿನ್ನ ಶ್ವಾಸಕೋಶದಲ್ಲಿ ನೀರು ತುಂಬ್ತದೆ. ನರ್ಸ್ ಒಲಿಂಡಾ ಆಂಟಿ ನಿನಗೆ ಹೇಳಿಲ್ವಾ?"

"ಹೇಳಿದ್ದಾಳೆ. ನೀರು ಕಡಿಮೆ ಕುಡೀತೇನೆ."

"ಅಮ್ಮ..."

"ಹಾಗಾದ್ರೆ ಬೇರೆ ದಾರಿ ನೀನು ಹೇಳು. ನಿನ್ನ ಅಪ್ಪ ಹೇಳ್ಲಿ. ಯಾರಾದ್ರೂ ಹೇಳಿ, ಕೇಳ್ತೇನೆ."

ಧರ್ಮಪಾಲ ಮತ್ತೊಮ್ಮೆ ಬಳಗದ ಗುಂಪು ತೆರೆದು ನೋಡಿದ. ಸುಜಿತ್ ತಟ್ಟೆಯ ಚೂರುಗಳನ್ನು ನೋಡುತ್ತಿದ್ದ. ಜಲಜಾಕ್ಷಿ ಒಂದು ಗಳಿಗೆ ಮೂವರ ಮುಖವನ್ನೂ ನೋಡಿದಳು. ಆಮೇಲೆ ಅಂಗಡಿಯವರು ಕೊಟ್ಟ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ, ನವೆಂಬರಿನ ಹಾಳೆ ತೆರೆದು, ಮಗಳ ಪೆನ್ ತೆಗೆದುಕೊಂಡಳು. ಮೊದಲ ವಾರದ ಬುಧವಾರಕ್ಕೆ ಗೀಟು ಎಳೆದು ಹೊಡೆದು ಹಾಕಿದಳು. ಎರಡನೇ ವಾರದಲ್ಲಿ ಸೋಮವಾರಕ್ಕೂ ಬುಧವಾರಕ್ಕೂ ಎಳೆದಳು.